ದೇವರ ಕೃಪೆ, ನಮ್ಮ ಪ್ರಯತ್ನ: ಎರಡನ್ನೂ ಹಿಡಿದು ನಡೆಯುವುದು ಹೇಗೆ?

"ಎಲ್ಲಾ ಕೃಪೆಯಿಂದಲೇ ಆಗುವುದಾದರೆ ನಾನ್ಯಾಕೆ ಇಷ್ಟು ಒದ್ದಾಡಬೇಕು?" ಇದು ಒಬ್ಬರ ಪ್ರಶ್ನೆ. "ಇಷ್ಟು ವರ್ಷದಿಂದ ಪ್ರಾರ್ಥನೆ ಬಿಟ್ಟಿಲ್ಲ, ಉಪವಾಸ ಬಿಟ್ಟಿಲ್ಲ, ಸತ್ಯವೇದ ಓದುವುದನ್ನೂ ಬಿಟ್ಟಿಲ್ಲ. ಆದರೂ ನನ್ನ ಸಿಡುಕು ಹಾಗೇ ಇದೆಯಲ್ಲ?" ಇದು ಇನ್ನೊಬ್ಬರದ್ದು. ಇಬ್ಬರೂ ಒಂದೇ ಸಭೆಗೆ ಹೋಗುತ್ತಾರೆ, ಒಂದೇ ಬೆಂಚಿನಲ್ಲಿ ಕೂತು ಒಂದೇ ಪ್ರಸಂಗ ಕೇಳುತ್ತಾರೆ. ಮನೆಗೆ ಬರುವಾಗ ಮೊದಲನೆಯವರು ಇನ್ನಷ್ಟು ಸಡಿಲವಾಗಿರುತ್ತಾರೆ, ಎರಡನೆಯವರು ಇನ್ನಷ್ಟು ಸುಸ್ತಾಗಿರುತ್ತಾರೆ.

ಇಬ್ಬರಿಗೂ ಅಪೊಸ್ತಲ ಪೌಲ ಒಂದೇ ಕಡೆ ಉತ್ತರ ಕೊಟ್ಟಿದ್ದಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯ, 12 ಮತ್ತು 13ನೇ ವಚನ ತೆಗೆದು ನೋಡಿ. ನಿಮ್ಮ ರಕ್ಷಣೆಯನ್ನು ಭಯಭಕ್ತಿಯಿಂದ ಸಾಧಿಸಿಕೊಳ್ಳಿ ಅಂತಾನೆ. ಉಸಿರು ಬಿಡುವುದರೊಳಗೆ, ನಿಮ್ಮೊಳಗೆ ಆ ಮನಸ್ಸನ್ನೂ ಆ ಪ್ರಯತ್ನವನ್ನೂ ಹುಟ್ಟಿಸುವವನು ದೇವರೇ ಎಂದು ಕಾರಣ ಕೊಡುತ್ತಾನೆ. ಅರ್ಧ ನಿಮ್ಮದು ಅರ್ಧ ದೇವರದು ಅನ್ನುವ ಪಾಲುಗಾರಿಕೆ ಲೆಕ್ಕ ಇಲ್ಲಿಲ್ಲ. ದೇವರು ಒಳಗೆ ಕೆಲಸ ಮಾಡುತ್ತಿರುವುದರಿಂದಲೇ ನೀವು ಕೆಲಸ ಮಾಡಬಹುದು, ಅಷ್ಟೇ.

ಇದು ಹಳೇ ಚರ್ಚೆ. ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬ ಬೋಧಕ, ಮನುಷ್ಯ ಮನಸ್ಸು ಮಾಡಿದರೆ ತನ್ನ ಶಕ್ತಿಯಿಂದಲೇ ದೇವರ ಆಜ್ಞೆಗಳನ್ನು ಪಾಲಿಸಬಲ್ಲ ಎಂದು ಕಲಿಸಿದ. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ ಬಿಷಪ್ ಆಗಿದ್ದ ಅಗಸ್ಟೀನ್ ಇದನ್ನು ಬಲವಾಗಿ ವಿರೋಧಿಸಿದರು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರು ಆ ಬೋಧನೆಯನ್ನು ತಳ್ಳಿಹಾಕಿದರು. 529ರಲ್ಲಿ ಈಗಿನ ಫ್ರಾನ್ಸಿನ ಆರೆಂಜ್ ಪಟ್ಟಣದಲ್ಲಿ ನಡೆದ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಬೇಕು ಅನ್ನುವ ಮೊದಲ ಆಸೆ ಕೂಡ ಕೃಪೆಯಿಂದಲೇ ಬರುತ್ತದೆ ಎಂದಿತು. 1517ರಲ್ಲಿ ಮಾರ್ಟಿನ್ ಲೂಥರ್ ಶುರುಮಾಡಿದ ಸುಧಾರಣೆಯ ನಂತರ ಇದೇ ವಿಷಯಕ್ಕೆ ಪಶ್ಚಿಮದ ಸಭೆ ಒಡೆಯಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಸೇರಿ, ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಪುಣ್ಯದಿಂದಲ್ಲ, ಕೃಪೆಯಿಂದ ಮಾತ್ರ ಎಂದು ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು. ಸೂಕ್ಷ್ಮಗಳಲ್ಲಿ ಸಭೆಗಳ ನಡುವೆ ಈಗಲೂ ವ್ಯತ್ಯಾಸ ಇದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮನುಷ್ಯನ ಸಹಕಾರದ ಬಗ್ಗೆ ಜಾಸ್ತಿ ಮಾತಾಡುತ್ತವೆ. ಆದರೆ ಕೃಪೆ ಮೊದಲು ಅನ್ನುವುದನ್ನು ಯಾರೂ ಬಿಟ್ಟುಕೊಟ್ಟಿಲ್ಲ.

ಚರ್ಚೆ ಇರಲಿ. ಸೋಮವಾರ ಬೆಳಗ್ಗೆ ಏನು ಮಾಡಬೇಕು ಅನ್ನುವುದು ನಮ್ಮ ವಿಷಯ.

1. ನೀವು ಯಾವ ಕಡೆ ವಾಲುತ್ತೀರಿ ಅಂತ ತಿಳಿದುಕೊಳ್ಳಿ

ಇದಕ್ಕೆ ಉದ್ದದ ಪರೀಕ್ಷೆ ಬೇಡ. ಹೋದ ಸಲ ಪಾಪದಲ್ಲಿ ಬಿದ್ದಾಗ, ಅದಾದ ಮೊದಲ ಒಂದು ತಾಸು ಹೇಗಿತ್ತು? ಅದನ್ನಷ್ಟೇ ನೆನಪು ಮಾಡಿಕೊಳ್ಳಿ.

ದೇವರ ಮುಂದೆ ಹೋಗಲು ಮುಖವಿಲ್ಲ ಅನ್ನಿಸಿ ಪ್ರಾರ್ಥನೆಯನ್ನೇ ಎರಡು ದಿನ ಮುಂದಕ್ಕೆ ಹಾಕಿದಿರಾ? ಮೊದಲು ಸ್ವಲ್ಪ ಒಳ್ಳೆಯವನಾಗಿ ಆಮೇಲೆ ಹೋಗೋಣ ಅಂದುಕೊಂಡಿರಾ? ಹಾಗಿದ್ದರೆ ನೀವು ಪ್ರಯತ್ನದ ಕಡೆ ವಾಲುವವರು. ಆತ್ಮನಿಂದ ಶುರುಮಾಡಿದ್ದನ್ನು ಈಗ ಸ್ವಂತ ಬಲದಿಂದ ಮುಗಿಸಲು ಹೊರಟಿದ್ದೀರಾ ಎಂದು ಪೌಲ ಗಲಾತ್ಯದವರಿಗೆ (3:3) ಕೇಳಿದ್ದು ನಿಮಗೇ.

ಅಥವಾ, "ದೇವರು ಹೇಗಿದ್ದರೂ ಕ್ಷಮಿಸುತ್ತಾನೆ ಬಿಡಿ" ಅಂದುಕೊಂಡು ಹತ್ತು ನಿಮಿಷದಲ್ಲಿ ಮರೆತಿರಾ? ನೋಯಿಸಿದವರ ಹತ್ತಿರ ಹೋಗುವ ಯೋಚನೆಯೂ ಬರಲಿಲ್ಲವಾ? ಆಗ ನಿಮ್ಮ ವಾಲು ಇನ್ನೊಂದು ಕಡೆಗೆ. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ ಎಂದು ರೋಮಾಪುರದವರಿಗೆ (6:1) ಕೇಳಿದ ಪ್ರಶ್ನೆ ನಿಮ್ಮದು.

ಬಹಳ ಜನ ಎರಡೂ ಕಡೆ ವಾಲುತ್ತಾರೆ. ತಮಗೆ ಸುಲಭವಾದ ವಿಷಯದಲ್ಲಿ ಕಟ್ಟುನಿಟ್ಟು, ಕಷ್ಟವಾದ ವಿಷಯದಲ್ಲಿ ಕೃಪೆ! ಬೆಳಗಿನ ಪ್ರಾರ್ಥನೆಯಲ್ಲಿ ಒಂದು ದಿನ ತಪ್ಪಿದರೆ ತಲೆ ಮೇಲೆ ಆಕಾಶ ಬಿದ್ದ ಹಾಗೆ ಮಾಡುವವರು, ತಮ್ಮ ಮನೆಯವರ ಜೊತೆ ಮಾತಾಡುವ ಧಾಟಿಯನ್ನು ವರ್ಷಗಟ್ಟಲೆ ಗಮನಿಸಿಯೇ ಇರುವುದಿಲ್ಲ. ನಿಮಗೆ ಯಾವುದು ಎಲ್ಲಿ ಅಂತ ಒಂದೆರಡು ಸಾಲು ಬರೆದಿಟ್ಟುಕೊಳ್ಳಿ. ಮುಂದೆ ಹೇಳುವುದರಲ್ಲಿ ಯಾವುದಕ್ಕೆ ಒತ್ತು ಕೊಡಬೇಕು ಅಂತ ಅದೇ ಹೇಳುತ್ತದೆ.

2. ಒಪ್ಪಿಗೆ ಮೊದಲು, ಅಭ್ಯಾಸ ಆಮೇಲೆ

ಎಫೆಸದವರಿಗೆ ಬರೆದ ಪತ್ರದ 2:8, 9 ನಮ್ಮಲ್ಲಿ ಬಾಯಿಪಾಠ. ನಂಬಿಕೆಯ ಮೂಲಕ ಕೃಪೆಯಿಂದ ರಕ್ಷಣೆ, ಅದು ದೇವರ ವರ, ಯಾರೂ ಹೊಗಳಿಕೊಳ್ಳುವ ಹಾಗಿಲ್ಲ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತೇವೆ. 10ನೇ ವಚನವನ್ನೂ ಓದಿ. ನಾವು ದೇವರ ಕೈಕೆಲಸ, ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದಾನೆ, ಆ ಕೆಲಸಗಳನ್ನು ಮೊದಲೇ ಸಿದ್ಧಮಾಡಿ ಇಟ್ಟಿದ್ದಾನೆ. ಅಂದರೆ ಒಳ್ಳೆಯ ಕೆಲಸ ಒಪ್ಪಿಗೆಯ ಹಿಂದೆ ಬರುತ್ತದೆ. ಅದು ಒಪ್ಪಿಗೆಗೆ ಕೊಡುವ ಬೆಲೆ ಅಲ್ಲ.

ಇದನ್ನು ತಲೆಯಲ್ಲಿ ಒಪ್ಪುವುದು ಸುಲಭ. ಮೈಗೆ ಹಿಡಿಸುವುದೇ ಕಷ್ಟ. ಮಾರ್ಟಿನ್ ಲೂಥರ್ ಎರ್ಫರ್ಟ್ ಊರಿನ ಮಠದಲ್ಲಿ ಸಂನ್ಯಾಸಿಯಾಗಿದ್ದಾಗ ಉಪವಾಸ, ಜಾಗರಣೆ ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಪಾಪನಿವೇದನೆಗೆ ಕೂತರೆ ತಾಸುಗಟ್ಟಲೆ. ಮುಗಿಸಿ ಹೊರಗೆ ಬಂದರೆ ಏನೋ ಒಂದು ಹೇಳುವುದು ಬಿಟ್ಟುಹೋಯಿತು ಅನ್ನುವ ದಿಗಿಲು. ಪ್ರಯತ್ನದಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ದೇವರು ತನ್ನನ್ನು ಒಪ್ಪಿಕೊಂಡಿದ್ದಾನೆ ಅನ್ನುವ ಭರವಸೆ ಮಾತ್ರ ಇರಲಿಲ್ಲ. ಅದಿಲ್ಲದಿದ್ದರೆ ಎಷ್ಟು ಮಾಡಿದರೂ ಸಾಲದು.

ಹಾಗಾಗಿ ಒಂದು ಚಿಕ್ಕ ಬದಲಾವಣೆ ಮಾಡಿ ನೋಡಿ. ಪ್ರಾರ್ಥನೆಯನ್ನು ತಪ್ಪೊಪ್ಪಿಗೆಯಿಂದಲೋ ಬೇಡಿಕೆಯಿಂದಲೋ ಶುರುಮಾಡಬೇಡಿ. "ತಂದೆಯೇ, ನಾನು ಏನೂ ಮಾಡುವ ಮೊದಲೇ ನೀನು ನನ್ನನ್ನು ಕ್ರಿಸ್ತನಲ್ಲಿ ಒಪ್ಪಿಕೊಂಡಿದ್ದೀ. ಇವತ್ತು ನಾನು ಮಾಡುವುದು ಅದಕ್ಕೆ ಉತ್ತರ" ಅಂತ ಹೇಳಿ ಶುರುಮಾಡಿ. ತಪ್ಪೊಪ್ಪಿಗೆ ಆಮೇಲೆ ಬರಲಿ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ "ಪರಲೋಕದಲ್ಲಿರುವ ನಮ್ಮ ತಂದೆಯೇ" ಮೊದಲು, "ನಮ್ಮ ತಪ್ಪುಗಳನ್ನು ಕ್ಷಮಿಸು" ಆಮೇಲೆ. ಅಪ್ಪ ಅಂತ ಕರೆಯಲು ಮೊದಲು ಅರ್ಹತೆ ತೋರಿಸಬೇಕಾಗಿಲ್ಲ, ಅಲ್ವಾ?

3. ನಿಮ್ಮ ಕೆಲಸ ಯಾವುದು, ದೇವರ ಕೆಲಸ ಯಾವುದು ಅಂತ ಬೇರೆಮಾಡಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುವುದಾದರೆ ಇದನ್ನು ಪಾಲಿಸಿ.

ಮಾರ್ಕನ ಸುವಾರ್ತೆ 4:26ರಿಂದ 29ರಲ್ಲಿ ಒಂದು ಪುಟ್ಟ ಸಾಮ್ಯ ಇದೆ. ಒಬ್ಬ ಹೊಲದಲ್ಲಿ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಎಸಳು, ಆಮೇಲೆ ತೆನೆ, ಆಮೇಲೆ ತೆನೆಯ ತುಂಬ ಕಾಳು. ಫಲ ಮಾಗಿದ ಕೂಡಲೇ ಅವನು ಕುಡುಗೋಲು ಹಾಕುತ್ತಾನೆ. ಬಿತ್ತುವುದು ಅವನ ಕೆಲಸ. ಕೊಯ್ಯುವುದು ಅವನ ಕೆಲಸ. ಮೊಳಕೆ ಬರಿಸುವುದು ಅವನ ಕೆಲಸವಲ್ಲ. ಬಿತ್ತದೆ ಸುಮ್ನೆ ಮಲಗಿದ್ದರೆ ತೆನೆ ಇಲ್ಲ. ಬಿತ್ತಿದ ಮೇಲೆ ದಿನಾ ಮಣ್ಣು ಕೆದಕಿ ನೋಡಿದರೂ ತೆನೆ ಇಲ್ಲ. ಕೊರಿಂಥದವರಿಗೆ ಪೌಲ ಹೇಳಿದ್ದೂ ಇದನ್ನೇ: ನಾನು ಸಸಿ ನೆಟ್ಟೆ, ಅಪೊಲ್ಲೋಸನು ನೀರು ಹೊಯ್ದ, ಬೆಳೆಸಿದವನು ದೇವರು.

ಈಗ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಸಿಡುಕಿನ ಉದಾಹರಣೆಯನ್ನೇ ನೋಡೋಣ. ಜೊತೆಗೆ ಕೆಲಸ ಮಾಡುವ ಒಬ್ಬರ ಮೇಲೆ ನಿಮಗೆ ಮಾತುಮಾತಿಗೂ ಕೋಪ ಬರುತ್ತದೆ ಅಂತಿಟ್ಟುಕೊಳ್ಳಿ.

ನಿಮ್ಮ ಕಡೆ ಬರೆಯಬಹುದಾದದ್ದು: ಕೋಪ ಬಂದ ಗಳಿಗೆಯಲ್ಲಿ ಉತ್ತರ ಕೊಡದಿರುವುದು. ಅವರ ಹೆಸರು ಹೇಳಿ ದಿನಾ ಒಂದು ಸಲ ಪ್ರಾರ್ಥಿಸುವುದು. ಅವರ ಬಗ್ಗೆ ಬೆನ್ನ ಹಿಂದೆ ಮಾತಾಡದಿರುವುದು. ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳುವುದು. ಸರಿಯಾಗಿ ನಿದ್ದೆ ಮಾಡುವುದು (ನಗಬೇಡಿ, ನಿದ್ದೆಗೆಟ್ಟವರಿಗೆ ತಾಳ್ಮೆ ಇರುವುದು ಕಷ್ಟ. ದಣಿದು ಸಾಯಬೇಕೆಂದಿದ್ದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ ಮತ್ತು ಊಟ).

ದೇವರ ಕಡೆ: ಅವರ ಮೇಲೆ ನಿಮಗೆ ನಿಜವಾದ ಪ್ರೀತಿ ಹುಟ್ಟುವುದು. ಒಳಗಿನ ಕಹಿ ಹೋಗುವುದು. ಅವರ ಮನಸ್ಸು ಬದಲಾಗುವುದು. ಇದೆಲ್ಲ ಯಾವಾಗ ಆಗಬೇಕು ಅನ್ನುವುದು.

ನಮ್ಮ ಎಷ್ಟೋ ಪ್ರಾರ್ಥನೆಗಳಲ್ಲಿ ಈ ಎರಡು ಪಟ್ಟಿ ಅದಲುಬದಲಾಗಿರುತ್ತವೆ. "ಕರ್ತನೇ, ನಮ್ಮಿಬ್ಬರ ಸಂಬಂಧ ಸರಿಮಾಡು" ಅಂತ ತಿಂಗಳುಗಟ್ಟಲೆ ಬೇಡುತ್ತೇವೆ, ಒಂದು ಫೋನ್ ಮಾಡುವುದಿಲ್ಲ. ಅದೇ ಹೊತ್ತಿಗೆ, ಬಾರದ ಪ್ರೀತಿಯನ್ನು ಹಲ್ಲು ಕಚ್ಚಿಕೊಂಡು ಎದೆಯೊಳಗೆ ತುರುಕಿಕೊಳ್ಳಲು ನೋಡಿ, ಆಗದಿದ್ದಾಗ ನಾನು ನಿಜವಾದ ವಿಶ್ವಾಸಿ ಅಲ್ಲವೇನೋ ಅಂತ ಕುಗ್ಗುತ್ತೇವೆ. ನಮ್ಮ ಕೆಲಸವನ್ನು ದೇವರಿಗೆ ಹೇಳಿ, ದೇವರ ಕೆಲಸವನ್ನು ನಾವು ಹೊತ್ತುಕೊಂಡರೆ ಎರಡೂ ಆಗುವುದಿಲ್ಲ.

4. ಸಾಧನಗಳನ್ನು ಆರಿಸಿಕೊಳ್ಳಿ, ಕಡಿಮೆ ಆರಿಸಿಕೊಳ್ಳಿ

ಪ್ರಾರ್ಥನೆ, ದೇವರ ವಾಕ್ಯ, ಕರ್ತನ ಭೋಜನ, ಸಭೆಯ ಸಹವಾಸ, ಉಪವಾಸ. ಇವನ್ನು ಕೃಪೆಯ ಸಾಧನಗಳು ಅನ್ನುತ್ತಾರೆ. ಇವುಗಳಲ್ಲಿ ಸ್ವಂತ ಶಕ್ತಿ ಏನೂ ಇಲ್ಲ. ದೇವರು ಸಿಗುತ್ತೇನೆ ಅಂದ ಜಾಗಗಳು ಇವು. ಅಲ್ಲಿಗೆ ಹೋಗಿ ಕೂರುವುದು ನಮ್ಮ ಪ್ರಯತ್ನ.

ಮೆಥೊಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿಯ ಬದುಕು ಇಲ್ಲಿ ನೆನಪಿಗೆ ಬರುತ್ತದೆ. ಆಕ್ಸ್‌ಫರ್ಡಿನಲ್ಲಿದ್ದಾಗ ವೆಸ್ಲಿ ಮತ್ತು ಗೆಳೆಯರು ಎಷ್ಟು ಶಿಸ್ತಿನವರು ಅಂದರೆ ಬೇರೆಯವರು ಗೇಲಿ ಮಾಡುತ್ತಿದ್ದರು. ಬುಧವಾರ, ಶುಕ್ರವಾರ ಉಪವಾಸ, ಜೈಲಿನಲ್ಲಿದ್ದವರ ಭೇಟಿ, ಗಂಟೆಗಂಟೆಯ ಲೆಕ್ಕ. ಆದರೂ ಒಳಗೆ ನೆಮ್ಮದಿ ಇಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಒಲ್ಲದ ಮನಸ್ಸಿನಿಂದಲೇ ಹೋಗಿ ಕೂತಿದ್ದಾಗ, ಕ್ರಿಸ್ತ ತನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆ ಅನ್ನುವ ಭರವಸೆ ಬಂತು. ಮುಂದಿನದು ಇನ್ನೂ ಮುಖ್ಯ. ಅದಾದ ಮೇಲೆ ವೆಸ್ಲಿ ಶಿಸ್ತನ್ನು ಬಿಡಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಏಳುವುದನ್ನು ಮುದುಕರಾದ ಮೇಲೂ ನಿಲ್ಲಿಸಲಿಲ್ಲ. ವೇಳಾಪಟ್ಟಿ ಹೆಚ್ಚುಕಡಿಮೆ ಅದೇ. ಮೊದಲು ಒಪ್ಪಿಗೆ ಸಿಗಲಿ ಅಂತ ಏಳುತ್ತಿದ್ದರು, ಆಮೇಲೆ ಒಪ್ಪಿಗೆ ಸಿಕ್ಕಿದೆ ಅಂತ ಏಳುತ್ತಿದ್ದರು.

ನೀವು ನಾಲ್ಕಕ್ಕೆ ಏಳಬೇಕಾಗಿಲ್ಲ. ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಇಷ್ಟೇ: ದಿನಕ್ಕೆ ಹದಿನೈದು ನಿಮಿಷ, ಒಂದೇ ಜಾಗ, ಒಂದೇ ಹೊತ್ತು. ಫೋನ್ ಇನ್ನೊಂದು ಕೋಣೆಯಲ್ಲಿ. ಮಾರ್ಕನ ಸುವಾರ್ತೆಯಿಂದ ಹತ್ತು ಹನ್ನೆರಡು ವಚನ ಓದಿ. ಅದರಲ್ಲಿ ಹದಿನಾರೇ ಅಧ್ಯಾಯ ಇರುವುದು, ಓಡಬೇಕಾಗಿಲ್ಲ. ಓದಿದ್ದನ್ನೇ ಇನ್ನೊಂದು ಸಲ ನಿಧಾನವಾಗಿ ಓದಿ. ಯೇಸು ಇಲ್ಲಿ ಏನು ಮಾಡುತ್ತಿದ್ದಾನೆ ಅಂತ ನೋಡಿ. ನಾನೇನು ಮಾಡಬೇಕು ಅನ್ನುವ ಪ್ರಶ್ನೆ ಎರಡನೆಯದಾಗಿ ಬರಲಿ. ಪ್ರಯತ್ನದ ಕಡೆ ವಾಲುವವರು ಬೈಬಲ್ ತೆರೆದ ಕೂಡಲೇ ಆಜ್ಞೆಗಳನ್ನು ಹುಡುಕುತ್ತಾರೆ. ಕೃಪೆಯ ಕಡೆ ವಾಲುವವರು ವಾಗ್ದಾನಗಳಿಗೆ ಮಾತ್ರ ಗೆರೆ ಹಾಕುತ್ತಾರೆ. ನೀವು ಗೆರೆ ಹಾಕಿದ ವಚನಗಳನ್ನು ಒಮ್ಮೆ ತಿರುವಿ ನೋಡಿ, ಗೊತ್ತಾಗುತ್ತದೆ.

ಉಪವಾಸದ ಬಗ್ಗೆ ಒಂದು ಮಾತು. ಅದು ದೇವರ ಕೈ ತಿರುಚುವ ಉಪಾಯವಲ್ಲ. ಮತ್ತಾಯ 6:16ರಿಂದ 18ರಲ್ಲಿ ಯೇಸು ಹೇಳಿದ ಹಾಗೆ ಯಾರಿಗೂ ತೋರಿಸದೆ ಮಾಡುವಂಥದ್ದು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಔಷಧಿ ತಗೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಊಟದ ಬದಲು ಟಿವಿಯನ್ನೋ ಫೋನನ್ನೋ ಒಂದು ದಿನ ಬಿಡಬಹುದು. ಕೆಲವರಿಗೆ ಅದೇ ಜಾಸ್ತಿ ಕಷ್ಟ.

5. ಕೆಲಸದ ನಡುವೆ: ಬೇಡಿ, ಮಾಡಿ, ಕೃತಜ್ಞತೆ ಹೇಳಿ

ಮಧ್ಯಾಹ್ನ ಮೂರು ಗಂಟೆ. ಅದೇ ಸಹೋದ್ಯೋಗಿ ಎಲ್ಲರೂ ಇರುವ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಕೆಲಸದ ಬಗ್ಗೆ ಚುಚ್ಚಿ ಬರೆದಿದ್ದಾರೆ. ಓದುತ್ತಿದ್ದ ಹಾಗೆ ಕಿವಿ ಬಿಸಿಯಾಗುತ್ತದೆ. ಉತ್ತರ ಆಗಲೇ ಅರ್ಧ ಟೈಪ್ ಆಗಿದೆ, ಒಳ್ಳೇ ಮೊನಚಾಗಿಯೇ ಬಂದಿದೆ. ಹೆಬ್ಬೆರಳು ಕಳಿಸುವ ಗುಂಡಿಯ ಮೇಲಿದೆ. ಆತ್ಮಿಕ ಬೆಳವಣಿಗೆ ನಡೆಯುವ ಜಾಗ ಇದೇ.

ಹೆಬ್ಬೆರಳು ತೆಗೆಯಿರಿ. ಒಳಗೇ ಒಂದು ಸಾಲು ಪ್ರಾರ್ಥಿಸಿ: "ಕರ್ತನೇ, ನನ್ನಲ್ಲಿ ತಾಳ್ಮೆ ಇಲ್ಲ. ನಿನ್ನಲ್ಲಿದೆ. ಕೊಡು." ಆಮೇಲೆ ಟೈಪ್ ಮಾಡಿದ್ದನ್ನು ಅಳಿಸಿ. ದೇವರು ಬಂದು ಅಳಿಸುವುದಿಲ್ಲ, ನೀವೇ ಅಳಿಸಬೇಕು. ಫೋನ್ ಮುಚ್ಚಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಅರ್ಧ ಗಂಟೆ ಬಿಟ್ಟು ವಿಷಯಕ್ಕೆ ಮಾತ್ರ ಉತ್ತರ ಬರೆಯಿರಿ. ಅವರು ಹೇಳಿದ್ದು ತಪ್ಪಾಗಿದ್ದರೆ ತಪ್ಪು ಅಂತ ಹೇಳುವುದರಲ್ಲಿ ಪಾಪವೇನಿಲ್ಲ. ಕಳಿಸಿದ ಮೇಲೆ, "ಇದು ನಿನ್ನಿಂದ ಆಯಿತು, ವಂದನೆ" ಅಂತ ಹೇಳಿ.

ಆ ಕೊನೆಯ ಮಾತನ್ನು ಬಿಡಬೇಡಿ. ಬಿಟ್ಟರೆ ಸಂಜೆಯೊಳಗೆ ಅದು "ನಾನು ಎಷ್ಟು ತಾಳ್ಮೆ ತೋರಿಸಿದೆ ನೋಡಿ" ಅನ್ನುವ ಕಥೆಯಾಗಿ ನಾಲ್ಕು ಜನಕ್ಕೆ ತಲುಪಿರುತ್ತದೆ. ದೇವಾಲಯದಲ್ಲಿ ನಿಂತ ಫರಿಸಾಯ (ಲೂಕ 18) ಕೂಡ ಉಪವಾಸ ಮಾಡಿದ್ದು ನಿಜ, ದಶಮಾಂಶ ಕೊಟ್ಟಿದ್ದೂ ನಿಜ. ದೇವರಿಗೆ ವಂದನೆ ಅಂತಲೂ ಬಾಯಲ್ಲಿ ಹೇಳಿದ. ಕಣ್ಣು ಮಾತ್ರ ದೂರದಲ್ಲಿ ನಿಂತ ಸುಂಕದವನ ಮೇಲಿತ್ತು.

ಈ ಮೂರು ಹೆಜ್ಜೆಯ ಹಿಂದೆ ಅಗಸ್ಟೀನರ ಹಳೆಯ ಪ್ರಾರ್ಥನೆ ಇದೆ: ನೀನು ಆಜ್ಞಾಪಿಸುವುದನ್ನು ಕೊಡು, ಆಮೇಲೆ ನಿನಗೆ ಬೇಕಾದ್ದನ್ನು ಆಜ್ಞಾಪಿಸು. ಪೆಲಾಜಿಯಸ್‌ಗೆ ಈ ಮಾತು ಕೇಳಿ ಸಿಟ್ಟು ಬಂದಿತ್ತಂತೆ, ಇದು ಸೋಮಾರಿಗಳಿಗೆ ನೆಪವಾಗುತ್ತದೆ ಅಂತ. ಆದರೆ ಇದನ್ನು ನಿಜವಾಗಿ ಬೇಡುವವರು ಸೋಮಾರಿಯಾಗುವುದಿಲ್ಲ. ಪೌಲನನ್ನೇ ನೋಡಿ. ಎಲ್ಲರಿಗಿಂತ ಹೆಚ್ಚು ದುಡಿದೆ ಅಂತಾನೆ, ಕೂಡಲೇ ದುಡಿದದ್ದು ನಾನಲ್ಲ, ನನ್ನ ಜೊತೆಗಿದ್ದ ದೇವರ ಕೃಪೆ ಅಂತಾನೆ (1 ಕೊರಿಂಥ 15:10).

6. ಬಿದ್ದಾಗ ಏನು ಮಾಡಬೇಕು

ಬೀಳುತ್ತೀರಿ. ಒಂದು ದಿನ ಆ ಮೆಸೇಜು ಹೋಗಿಯೇ ಬಿಡುತ್ತದೆ. ಎರಡೂ ಕಡೆಯವರು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು, ಅದೇ ತಾಸಿನಲ್ಲಿ ದೇವರ ಹತ್ತಿರ ಹೋಗಿ. ಮನಸ್ಸು ಸರಿಹೋಗುವವರೆಗೆ ಕಾಯಬೇಡಿ. ಅಗತ್ಯವಿದ್ದಾಗ ಸಹಾಯ ಸಿಗಲಿ ಅಂತಲೇ ಧೈರ್ಯವಾಗಿ ಕೃಪಾಸನದ ಹತ್ತಿರ ಬನ್ನಿ ಎಂದು ಇಬ್ರಿಯರಿಗೆ ಬರೆದ ಪತ್ರ (4:16) ಕರೆಯುತ್ತದೆ.

ಆಮೇಲೆ, ಮಾಡಿದ್ದನ್ನು ಅದರ ಹೆಸರಿನಿಂದಲೇ ಹೇಳಿ. "ಇವತ್ತು ಸ್ವಲ್ಪ ಬೇಜಾರಿನಲ್ಲಿದ್ದೆ ಕರ್ತನೇ" ಅಂದರೆ ಅದು ತಪ್ಪೊಪ್ಪಿಗೆ ಆಗುವುದಿಲ್ಲ. "ಎಲ್ಲರ ಮುಂದೆ ಅವರಿಗೆ ಅವಮಾನ ಆಗಲಿ ಅಂತಲೇ ಬರೆದೆ" ಅಂದರೆ ಆಗುತ್ತದೆ. ಯೋಹಾನನ ಮೊದಲನೇ ಪತ್ರ 1:9ರ ಕ್ಷಮೆಯ ವಾಗ್ದಾನ ಇಂಥ ತಪ್ಪೊಪ್ಪಿಗೆಗೆ. ನಿಮ್ಮ ಸಭೆಯಲ್ಲಿ ಗುರುಗಳ ಮುಂದೆ ಪಾಪನಿವೇದನೆ ಮಾಡುವ ಕ್ರಮ ಇದ್ದರೆ ಅದನ್ನು ಬಳಸಿಕೊಳ್ಳಿ. ಇಲ್ಲದಿದ್ದರೆ ನಂಬಿಕಸ್ಥರಾದ ಒಬ್ಬರಿಗೆ ಹೇಳಿ.

ಮೂರನೆಯದು ದಂಡಕ್ಕೂ ದುರಸ್ತಿಗೂ ಇರುವ ವ್ಯತ್ಯಾಸ. ಕೋಪ ಮಾಡಿಕೊಂಡೆ, ಹಾಗಾಗಿ ರಾತ್ರಿ ಊಟ ಬಿಡುತ್ತೇನೆ, ನಾಳೆ ಎರಡು ಪಟ್ಟು ಪ್ರಾರ್ಥನೆ ಮಾಡುತ್ತೇನೆ: ಇದು ದಂಡ. ಇದರಿಂದ ನೊಂದವರಿಗೆ ಏನೂ ಸಿಗಲಿಲ್ಲ. ಆ ದಂಡವನ್ನು ಕ್ರಿಸ್ತನೇ ಹೊತ್ತಿದ್ದಾನೆ, ನೀವು ಕಂತು ಕಟ್ಟಬೇಕಾಗಿಲ್ಲ. ಎಲ್ಲರ ಮುಂದೆ ಅವಮಾನ ಮಾಡಿದ್ದಕ್ಕೆ ಅದೇ ಗುಂಪಿನಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುವುದು ದುರಸ್ತಿ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆಯಲ್ಲಿ (ಲೂಕ 19) ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು. ಮೋಸಮಾಡಿ ತಗೊಂಡದ್ದನ್ನು ನಾಲ್ಕರಷ್ಟು ವಾಪಸು ಕೊಡುತ್ತೇನೆ ಅಂತ ಜಕ್ಕಾಯ ಎದ್ದು ನಿಂತದ್ದು ಆಮೇಲೆ. ಯೇಸು ಅವನಿಗೆ ಕೇಳಿರಲೂ ಇಲ್ಲ.

ಪೇತ್ರನ ವಿಷಯವೂ ಹಾಗೇ. ಮೂರು ಸಲ ಯೇಸುವನ್ನು ಅರಿಯೆ ಅಂದವನು. ತಿಬೇರಿಯ ಸಮುದ್ರದ ದಡದಲ್ಲಿ (ಯೋಹಾನ 21) ಯೇಸು ಕೆಂಡದ ಮೇಲೆ ಮೀನು ಇಟ್ಟು, ಬಂದು ಊಟಮಾಡಿ ಅಂತ ಕರೆಯುತ್ತಾನೆ. ಊಟ ಆಗುವವರೆಗೆ ಹಳೆಯ ಮಾತು ಎತ್ತುವುದಿಲ್ಲ. ಆಮೇಲೆ ಮೂರು ಸಲ ನನ್ನನ್ನು ಪ್ರೀತಿಸುತ್ತೀಯಾ ಅಂತ ಕೇಳುತ್ತಾನೆ, ಮೂರು ಸಲವೂ ಕೆಲಸ ಒಪ್ಪಿಸುತ್ತಾನೆ: ನನ್ನ ಕುರಿಗಳನ್ನು ಮೇಯಿಸು. ಅಲ್ಲಿ ಶಿಕ್ಷೆಯೂ ಇಲ್ಲ, ಸುಮ್ನೆ ಬಿಟ್ಟುಬಿಡುವುದೂ ಇಲ್ಲ. ಪೇತ್ರನ ಎರಡನೇ ಪತ್ರ ಶುರುವಾಗುವುದು, ಭಕ್ತಿಯ ಬದುಕಿಗೆ ಬೇಕಾದದ್ದೆಲ್ಲ ದೇವರು ಕೊಟ್ಟಿದ್ದಾನೆ, ಹಾಗಾಗಿ ನೀವು ಪೂರ್ಣಾಸಕ್ತಿಯಿಂದ ಪ್ರಯತ್ನಿಸಿ, ನಂಬಿಕೆಗೆ ಸದ್ಗುಣ ಕೂಡಿಸಿ, ಅದಕ್ಕೆ ಜ್ಞಾನ, ದಮೆ, ತಾಳ್ಮೆ ಎಂದು ಪ್ರೀತಿಯವರೆಗೆ ಪಟ್ಟಿ ಕೊಡುತ್ತಾ. ದಡದ ಮೇಲಿನ ಆ ಊಟ ನೆನಪಿಟ್ಟುಕೊಂಡು ಓದಿದರೆ ಆ ಪಟ್ಟಿ ಭಾರ ಅನ್ನಿಸುವುದಿಲ್ಲ.

ಒಂದು ಎಚ್ಚರಿಕೆ. ಕುಡಿತ, ಅಶ್ಲೀಲ ವಿಡಿಯೊ, ಜೂಜು ಇಂಥ ಚಟವಾಗಿದ್ದರೆ, ಅಥವಾ ತಿಂಗಳುಗಟ್ಟಲೆ ಬಿಡದ ಖಿನ್ನತೆ ಇದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ, ಆಪ್ತಸಲಹೆಗಾರರ ಸಹಾಯ ಪಡೆಯಿರಿ. ಅದು ನಂಬಿಕೆಯ ಕೊರತೆ ಅಲ್ಲ. ಕೃಪೆ ಬರುವ ದಾರಿಗಳಲ್ಲಿ ಅದೂ ಒಂದು.

7. ರಾತ್ರಿ ಹತ್ತು ನಿಮಿಷ

ದಿನವನ್ನು ದೇವರ ಮುಂದೆ ತಿರುಗಿ ನೋಡುವ ಅಭ್ಯಾಸ ಬಹಳ ಹಳೆಯದು. ಹದಿನಾರನೇ ಶತಮಾನದಲ್ಲಿ ಜೆಸ್ವಿಟ್ ಸಂಘದ ಸ್ಥಾಪಕರಾದ ಲೊಯೊಲದ ಇಗ್ನೇಷಿಯಸ್ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟರು. ಆ ಕ್ರಮದಲ್ಲಿ ಪಾಪದ ಲೆಕ್ಕ ಮೊದಲಿಲ್ಲ. ದೇವರು ಕೊಟ್ಟದ್ದಕ್ಕೆ ಕೃತಜ್ಞತೆ ಮೊದಲು. ಆಮೇಲೆ ನೋಡಲು ಬೆಳಕು ಕೊಡು ಅನ್ನುವ ಬೇಡಿಕೆ. ಆಮೇಲೆ ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ.

ಇದನ್ನು ಮಾಡುವಾಗ ಎರಡು ಪ್ರಶ್ನೆ ಸಾಕು. ಇವತ್ತು ಕೃಪೆ ಎಲ್ಲಿ ಬಂತು? ನಾನು ಅದಕ್ಕೆ ಏನು ಉತ್ತರ ಕೊಟ್ಟೆ? ಉದಾಹರಣೆಗೆ: "ಮೂರು ಗಂಟೆಗೆ ಉತ್ತರ ಅಳಿಸಬೇಕು ಅನ್ನಿಸಿತು. ಅಳಿಸಿದೆ. ರಾತ್ರಿ ಮಗಳು ಏನೋ ಹೇಳಲು ಬಂದಳು, ಫೋನ್ ಕೆಳಗಿಡಬೇಕು ಅನ್ನಿಸಿತು. ಇಡಲಿಲ್ಲ." ಎರಡೇ ಸಾಲು. ಹೀಗೆ ಕೆಲವು ವಾರ ಬರೆದರೆ, ನಿಮ್ಮ ಒಳ್ಳೆಯ ಪ್ರಯತ್ನಗಳ ಹಿಂದೆ ಯಾವಾಗಲೂ ಒಂದು "ಅನ್ನಿಸಿತು" ಇರುವುದು ಕಾಣುತ್ತದೆ. ಮನಸ್ಸನ್ನೂ ಪ್ರಯತ್ನವನ್ನೂ ಹುಟ್ಟಿಸುವವನು ಆತನೇ ಅಂತ ಪೌಲ ಹೇಳಿದ್ದು ನಿಮ್ಮದೇ ಕೈಬರಹದಲ್ಲಿ ಸಿಗುತ್ತದೆ.

ಪ್ರಯತ್ನದ ಕಡೆ ವಾಲುವವರಿಗೆ ಮಾತ್ರ: ಇದನ್ನು ಅಂಕಪಟ್ಟಿ ಮಾಡಿಕೊಳ್ಳಬೇಡಿ. ಟಿಕ್ ಹಾಕುವುದು, ವಾರದ ಶೇಕಡಾ ಲೆಕ್ಕ ತೆಗೆಯುವುದು ಬೇಡ. ನಿದ್ದೆ ಬಂದರೆ ಮಲಗಿಬಿಡಿ. ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಅನ್ನುವುದೂ (ಕೀರ್ತನೆ 127) ಸತ್ಯವೇದದ ಮಾತೇ.

8. ಬೆಳೆದಿದ್ದೇನಾ ಅಂತ ನೋಡುವುದು

ಅಪರೂಪಕ್ಕೆ ನೋಡಿ, ಒಬ್ಬರೇ ನೋಡಬೇಡಿ. ವರ್ಷಕ್ಕೆ ಒಂದೆರಡು ಸಲ ಜೊತೆಗೆ ಬದುಕುವವರನ್ನು ಕೇಳಿ: "ನನ್ನ ಜೊತೆ ಇರುವುದು ಮೊದಲಿಗಿಂತ ಸುಲಭ ಆಗಿದೆಯಾ?" ಗಲಾತ್ಯ 5:22, 23ರಲ್ಲಿ ಆತ್ಮನ ಫಲ ಎಂದು ಹೇಳಿದ ಒಂಬತ್ತು ಗುಣಗಳಲ್ಲಿ ಹೆಚ್ಚಿನವು ಇನ್ನೊಬ್ಬರ ಅನುಭವಕ್ಕೆ ಬರುವಂಥವು. ಪ್ರೀತಿ, ದೀರ್ಘಶಾಂತಿ, ದಯೆ ಇವು ನಮ್ಮಲ್ಲಿವೆಯಾ ಅನ್ನುವುದಕ್ಕೆ ನಮಗಿಂತ ಅವರು ಒಳ್ಳೆಯ ಸಾಕ್ಷಿ. ಉತ್ತರ ಕೇಳಿದ ಮೇಲೆ ವಾದ ಮಾಡಬೇಡಿ.

ಇನ್ನೊಂದು ವಿಚಿತ್ರ ಇದೆ. ಬೆಳೆಯುತ್ತಾ ಹೋದ ಹಾಗೆ ನಮ್ಮ ತಪ್ಪು ನಮಗೆ ಜಾಸ್ತಿ ಕಾಣುತ್ತದೆ. ಪೌಲ ಕೊರಿಂಥದವರಿಗೆ ಬರೆಯುವಾಗ ತಾನು ಅಪೊಸ್ತಲರಲ್ಲಿ ಕನಿಷ್ಠ ಎನ್ನುತ್ತಾನೆ. ಎಫೆಸದ ಪತ್ರದಲ್ಲಿ ದೇವಜನರೆಲ್ಲರಲ್ಲಿ ಅತ್ಯಲ್ಪ. ತಿಮೊಥೆಯನಿಗೆ ಬರೆದದ್ದರಲ್ಲಿ ಪಾಪಿಗಳಲ್ಲಿ ಮುಖ್ಯನು. ಹಾಗಾಗಿ "ಮೊದಲಿಗಿಂತ ಕೆಟ್ಟವನಾಗಿದ್ದೇನೆ" ಅನ್ನಿಸಿದ ಕೂಡಲೇ ಎಲ್ಲ ಬಿಟ್ಟುಬಿಡಬೇಡಿ. ಬೆಳಕು ಹೆಚ್ಚಾದಾಗ ಧೂಳು ಕಾಣುವುದು ಸಹಜ.

ನಿಮ್ಮ ಬೆಳವಣಿಗೆಯನ್ನು ಪ್ರಾರ್ಥನೆಯ ಗಂಟೆಗಳಿಂದ, ಕೊಟ್ಟ ಕಾಣಿಕೆಯಿಂದ ಅಳೆಯುವವರ ಬಗ್ಗೆಯೂ ಸ್ವಲ್ಪ ಹುಷಾರಾಗಿರಿ. ಜಾಸ್ತಿ ಕೊಟ್ಟರೆ ಜಾಸ್ತಿ ಆಶೀರ್ವಾದ ಅನ್ನುವುದು ವ್ಯಾಪಾರ. ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದ ಸೀಮೋನನಿಗೆ ಪೇತ್ರ ಏನು ಹೇಳಿದ ಅಂತ ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಓದಿ. ಮೆತ್ತಗಿನ ಮಾತಂತೂ ಅಲ್ಲ.

9. ಏನೂ ಆಗದ ದಿನಗಳಿಗೆ

ಕಾಯಿಲೆ ಬೀಳುತ್ತೀರಿ. ಮನೆಯಲ್ಲಿ ಎಳೆಮಗು ಇರುತ್ತದೆ, ಇಲ್ಲವೇ ಹಾಸಿಗೆ ಹಿಡಿದ ಹಿರಿಯರಿರುತ್ತಾರೆ. ಹದಿನೈದು ನಿಮಿಷ ಅನ್ನುವುದು ಕನಸಾಗುತ್ತದೆ. ಅಥವಾ ಎಲ್ಲ ಸರಿ ಇದ್ದೂ ವಾಕ್ಯ ಓದಿದರೆ ಏನೂ ತಟ್ಟುವುದಿಲ್ಲ, ಪ್ರಾರ್ಥನೆ ಗೋಡೆಗೆ ಹೇಳಿದ ಹಾಗಿರುತ್ತದೆ.

ಸಮಯ ಇಲ್ಲದ ಕಾಲದಲ್ಲಿ ಅಭ್ಯಾಸವನ್ನು ಚಿಕ್ಕದು ಮಾಡಿ, ಬಿಡಬೇಡಿ. ಬೆಳಗ್ಗೆ ಕರ್ತನ ಪ್ರಾರ್ಥನೆ ಒಂದು ಸಲ. ರಾತ್ರಿ "ದೇವರೇ, ಪಾಪಿಯಾದ ನನ್ನನ್ನು ಕರುಣಿಸು" ಅನ್ನುವ ಸುಂಕದವನ ಒಂದು ಸಾಲು. ನಡುವೆ ಮಗುವಿಗೆ ಬಟ್ಟೆ ಬದಲಿಸುವುದನ್ನೇ, ರೋಗಿಗೆ ನೀರು ಕುಡಿಸುವುದನ್ನೇ ಆತನಿಗಾಗಿ ಮಾಡಿ. ಹದಿನೇಳನೇ ಶತಮಾನದಲ್ಲಿ ಪ್ಯಾರಿಸಿನ ಒಂದು ಮಠದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಸಹೋದರ ಲಾರೆನ್ಸ್, ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯನ್ನು ನೆನೆಯಲು ಕಲಿತದ್ದು ಹೀಗೇ.

ಒಣಗಿದ ಕಾಲದಲ್ಲಿ ಹೊಸ ಹೊಸ ವಿಧಾನಗಳ ಹಿಂದೆ ಓಡಬೇಡಿ. ಸಭೆಗೆ ಹೋಗಿ, ಬೇರೆಯವರು ಹಾಡುವಾಗ ಸುಮ್ನೆ ಕೂತಿರಿ, ಕರ್ತನ ಭೋಜನಕ್ಕೆ ಕೈ ಚಾಚಿ. ನೀವು ಪ್ರಾರ್ಥಿಸಲಾಗದ್ದನ್ನು ಪಕ್ಕದವರು ನಿಮಗಾಗಿ ಪ್ರಾರ್ಥಿಸಲಿ, ಹಾಗಂತ ಬಾಯಿಬಿಟ್ಟು ಕೇಳಿ. ಎರಡು ಮೂರು ತಿಂಗಳಾದರೂ ಹಾಗೇ ಇದ್ದರೆ ಸಭಾಪಾಲಕರನ್ನೋ ಹಿರಿಯ ವಿಶ್ವಾಸಿಯೊಬ್ಬರನ್ನೋ ನೋಡಿ, ಮೂರನೇ ಹೆಜ್ಜೆಯಲ್ಲಿ ಬರೆದ ಹಾಳೆಯನ್ನೂ ಜೊತೆಗೆ ತಗೊಂಡು ಹೋಗಿ. ಯಾವುದೋ ಒಂದು ವಿಷಯ ತಪ್ಪು ಕಡೆ ಬರೆದಿರಬಹುದು. ನಮ್ಮ ಹಾಳೆಯಲ್ಲಿ ಅದು ನಮಗಿಂತ ಮೊದಲು ಬೇರೆಯವರ ಕಣ್ಣಿಗೆ ಬೀಳುತ್ತದೆ.